ಹಿಡಿಕೆಗೆ ಐದು ಸುತ್ತು

೧ ಫೆಬ್ರವರಿ ೧೯೪೩, ಸೋಮವಾರ

ಇವತ್ತಿನಿಂದ ಕೋದಂಡರಾಮಪ್ಪನವರ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಒಂದು ವರ್ಷದಲ್ಲಿ ಇದು ನಾಲ್ಕನೆಯದು. ಇಟ್ಟಿಗೆ ಗೂಡಿನಲ್ಲಿ ಎರಡು ತಿಂಗಳು, ಸೈಕಲ್ ಅಂಗಡಿಯಲ್ಲಿ ಐದು ವಾರ, ಗೂಡ್ಸ್ ಷೆಡ್ಡಿನಲ್ಲಿ ಹನ್ನೊಂದು ದಿನ. ಬೆಳಿಗ್ಗೆ ಮುದ್ದೆ ಬಡಿಸುತ್ತಾ ಅಕ್ಕ, "ಇದ್ರಲ್ಲಾದ್ರೂ ಯುಗಾದಿ ತನಕ ಇರು ಕಣೋ ಅಶ್ವತ್ಥ" ಎಂದಳು. ಪ್ರಯತ್ನ ಮಾಡುತ್ತೇನೆ ಎಂದೆ. ಇರುತ್ತೇನೆ ಎಂದು ಹೇಳಲಿಲ್ಲ. ಸುಳ್ಳಾದರೆ?

ನಾನು ಶಾಲೆ ಬಿಟ್ಟದ್ದಕ್ಕೆ ಅಕ್ಕ ಆದಿಲಕ್ಷ್ಮಿ ಇನ್ನೂ ಕೊರಗುತ್ತಾಳೆ. ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ನಮಗೆಲ್ಲ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದರು. ಇನ್‌ಸ್ಪೆಕ್ಟರು ಬಂದಾಗ ನಾನು ಎದ್ದು ನಿಂತು, ಮೇಷ್ಟ್ರು ಬಾಯಿಪಾಠ ಮಾಡಿಸಿದ್ದಾರೆ ಎಂದು ಹೇಳಿಬಿಟ್ಟೆ. ಆಮೇಲೆ ಆ ಬೆಂಚಿನ ಮೇಲೆ ಕೂರಲು ಆಗಲಿಲ್ಲ. ಹೇಳಿದ್ದು ನಿಜ, ಆದ್ದರಿಂದ ಹೇಳಿದ್ದು ಸರಿ. ಇವತ್ತಿಗೂ ಹಾಗೇ ಅನ್ನುತ್ತೇನೆ. ಅನ್ನ ಹಾಕಿ ಇಟ್ಟುಕೊಂಡಿರುವ ಅಕ್ಕನಿಗೆ ನಾನು ಋಣಿ. ಅದೂ ನಿಜವೇ.

ಕಾರ್ಖಾನೆ ಮಾಲೂರು ಸ್ಟೇಷನ್ನಿನ ಹಿಂದೆ ಇದೆ. ಯುದ್ಧದ ಆಸ್ಪತ್ರೆಗಳಿಗೆ ಔಷಧದ ಸೀಸೆಗಳನ್ನು ತುಂಬಿ ಕಳಿಸುವ ತಗಡಿನ ಪೆಟ್ಟಿಗೆಗಳನ್ನು ಮಾಡುತ್ತಾರೆ. ಒಂದೊಂದು ಪೆಟ್ಟಿಗೆಗೂ ಎರಡು ಕಡೆ ಹಿಡಿಕೆ. ನನ್ನನ್ನು ಬೊಟ್ಟು ಮಿಷನ್ನಿಗೆ ಹಾಕಿದ್ದಾರೆ. ಆಳೆತ್ತರದ ಕಬ್ಬಿಣದ ಮಿಷನ್, ಅದಕ್ಕೆ ಮೇಲೊಂದು ಕೆಳಗೊಂದು ತಾಮ್ರದ ಬೆರಳು. ನಡುವೆ ಎರಡು ತಗಡು ಇಟ್ಟು ಪೆಡಲ್ ತುಳಿದರೆ ಬೆರಳುಗಳು ಅವನ್ನು ಒತ್ತಿ ಹಿಡಿಯುತ್ತವೆ, ಕರೆಂಟು ಹಾಯುತ್ತದೆ, ಒತ್ತಿದ ಜಾಗದಲ್ಲಿ ಕಬ್ಬಿಣ ಕರಗಿ ಎರಡು ತಗಡು ಒಂದಾಗುತ್ತವೆ. ಮೊಳೆ ಇಲ್ಲ, ಬೆಸುಗೆಯ ಸೀಸ ಇಲ್ಲ. ಹಣೆಗಿಟ್ಟ ಬೊಟ್ಟಿನಷ್ಟು ಗುರುತು ಮಾತ್ರ ಉಳಿಯುತ್ತದೆ.

ನೋಡಲು ಚೆನ್ನಾಗಿದೆ. ಒಂದು ತಿಂಗಳು ಬೇಸರವಾಗಲಿಕ್ಕಿಲ್ಲ.

೯ ಫೆಬ್ರವರಿ, ಮಂಗಳವಾರ

ಮಿಷನ್ ನಡೆಸುವವನು ಗಂಗುಲಪ್ಪ. ಐವತ್ತೈದು ದಾಟಿದೆ. ಓದು ಬರಹ ಇಲ್ಲ. ಇಲ್ಲಿಗೆ ಬರುವ ಮೊದಲು ಮೂವತ್ತು ವರ್ಷ ಸಂತೆಯಲ್ಲಿ ರಾಗಿ ಅಳೆಯುತ್ತಿದ್ದನಂತೆ. ಮೊದಲ ದಿನವೇ ಕೇಳಿದ:

"ಏನ್ ಅಬ್ಬಾಯಿ, ಓದ್ದೋನಂತೆ?"

"ಓದು ಬಿಟ್ಟೋನು, ಗಂಗುಲಪ್ಪಣ್ಣ."

"ಯಾಕ್ ಬಿಟ್ಟೆ?"

ಹೇಳಿದೆ. ಕೆಮ್ಮು ಬರುವವರೆಗೂ ನಕ್ಕ. "ಈ ಮಿಷನ್ನೂ ನಿನ್ನಂಗೇ ಕಣಯ್ಯ. ಸುಳ್ ಬೊಟ್ಟು ಇಕ್ಕಿದ್ರೆ ಒಂದಲ್ಲ ಒಂದ್ ದಿನ ಎಲ್ರ ಮುಂದೆ ಹೇಳ್ಬಿಡ್ತದೆ" ಎಂದ.

ಹೊಂದಿಸಬೇಕಾದದ್ದು ಮೂರು. ಕಾವು ಎಷ್ಟು ಎಂಬುದಕ್ಕೆ ಎಂಟು ಮನೆಗಳಿರುವ ಒಂದು ಹಿಡಿ. ಬೆರಳು ಎಷ್ಟು ಬಿಗಿಯಾಗಿ ಒತ್ತಬೇಕು ಎಂಬುದಕ್ಕೆ ಸ್ಪ್ರಿಂಗಿನ ಮೇಲೆ ಒಂದು ನಟ್ಟು. ಕರೆಂಟು ಎಷ್ಟು ಹೊತ್ತು ಹಾಯಬೇಕು ಎಂಬುದಕ್ಕೆ ನಮ್ಮ ಕಾಲು ಮತ್ತು ಮನಸ್ಸಿನ ಎಣಿಕೆ. ತಗಡಿನ ದಪ್ಪ ಬದಲಾದಾಗಲೆಲ್ಲ ಮೂರನ್ನೂ ಬದಲಿಸಬೇಕು. ನಟ್ಟನ್ನು ಪೂರ್ತಿ ಸಡಿಲಿಸಿ ಮತ್ತೆ ಬಿಗಿಯಬೇಕು. ಪ್ರತಿ ಸಲವೂ ಗಂಗುಲಪ್ಪಣ್ಣ ಏನೋ ಗುನುಗುತ್ತಾ ಬಿಗಿದು, ಎರಡು ಚೂರು ತಗಡಿಗೆ ಬೊಟ್ಟು ಇಟ್ಟು, ಇಕ್ಕಳದಲ್ಲಿ ಹಿಡಿದು ಹರಿದು ನೋಡುತ್ತಾನೆ. ಬೊಟ್ಟು ಬಿಡಬಾರದು. ಒಂದು ತಗಡಿನಲ್ಲಿ ತೂತು ಬಿದ್ದು, ಆ ತುಣುಕು ಇನ್ನೊಂದಕ್ಕೆ ಅಂಟಿಕೊಂಡು ಬರಬೇಕು. ಬಂದರೆ ತಲೆ ಆಡಿಸಿ ಕೆಲಸ ಶುರು ಮಾಡುತ್ತಾನೆ. ದಿನಕ್ಕೆ ಹತ್ತು ಹನ್ನೆರಡು ಚೂರು ಹೀಗೆ ಹಾಳು. ಯುದ್ಧದ ಕಾಲದಲ್ಲಿ ತಗಡು ಸಿಗುವುದೇ ಕಷ್ಟ.

೧೯ ಫೆಬ್ರವರಿ

ಇವತ್ತು ನಾನು ಉಪಯೋಗದ ಕೆಲಸ ಮಾಡಿದೆ. ಗಂಗುಲಪ್ಪಣ್ಣನನ್ನು ಒಂದೊಂದಾಗಿ ಕೇಳಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ. ತೆಳು ತಗಡಿಗೆ ಕಾವಿನ ಮನೆ ಇಷ್ಟು, ನಟ್ಟು ಇಷ್ಟು ಸುತ್ತು, ಎಣಿಕೆ ಇಷ್ಟು. ದಪ್ಪ ಪಟ್ಟಿಗೆ ಇಷ್ಟು. ಹಿಡಿಕೆಗೆ ಕಾವು ಆರನೇ ಮನೆ, ನಟ್ಟು ಐದು ಸುತ್ತು, ಎಣಿಕೆ ಮೂರು.

"ಐದೇ ತಾನೆ?" ಎಂದು ಎರಡು ಸಲ ಕೇಳಿದೆ.

"ಐದೇ ಕಣೋ ಮಾರಾಯ. ಕೋರ್ಟಲ್ ಸಾಕ್ಷಿ ಹೇಳಿಸ್ದಂಗ್ ಹೇಳಿಸ್ತೀಯಲ್ಲ."

ಹಾಳೆಯನ್ನು ಗಂಜಿ ಹಾಕಿ ಗೋಡೆಗೆ ಅಂಟಿಸಿದೆ. ಕೋದಂಡರಾಮಪ್ಪನವರು ಕನ್ನಡಕ ಹಾಕಿಕೊಂಡು ಓದಿ, ಹೀಗಿರಬೇಕು ಎಂದರು. ಗಂಗುಲಪ್ಪಣ್ಣ ಮಾತ್ರ, "ಗೋಡೆಗ್ ಅಂಟಿಸ್ಬಿಟ್ರೆ ಮಿಷನ್ ಬಂದು ಓದ್ಕೊಂಡ್ ಹೋಗ್ತದಾ?" ಎಂದು ನಕ್ಕ. ಸಿಟ್ಟು ಬಂತು. ಬರೆದಿಟ್ಟರೆ ಯಾರು ಬೇಕಾದರೂ ಮಾಡಬಹುದು, ಹರಿದು ನೋಡುವ ಗೊಡವೆಯೇ ಇಲ್ಲ. ಅದು ಅವನಿಗೆ ಅರ್ಥವಾಗುವುದಿಲ್ಲ.

ಆದರೂ ಮಧ್ಯಾಹ್ನ ತನ್ನ ಬುತ್ತಿಯಲ್ಲಿದ್ದ ಹುರುಳಿ ಚಟ್ನಿಯಲ್ಲಿ ಅರ್ಧ ನನ್ನ ಎಲೆಗೆ ಹಾಕಿದ. ಕೇಳಿರಲಿಲ್ಲ.

೨೬ ಫೆಬ್ರವರಿ

ನಿಂತು ನಿಂತು ಕಾಲು ನೋವು. ಮಿಲಿಟರಿ ಪಟಾಲಂಗೆ ಆಳು ಸೇರಿಸಿಕೊಳ್ಳುವವರು ಕೋಲಾರಕ್ಕೆ ಬರುತ್ತಾರಂತೆ. ಹೋದರೆ ಹೇಗೆ?

೪ ಮಾರ್ಚ್, ಗುರುವಾರ

ಗಂಗುಲಪ್ಪಣ್ಣನಿಗೆ ಚಳಿಜ್ವರ. ಮಿಷನ್ ಪಕ್ಕದಲ್ಲೇ ನಡುಗುತ್ತಾ ಕೂತುಬಿಟ್ಟ. ಲಕ್ಕೂರಿನಿಂದ ಅಳಿಯ ಗಾಡಿ ತಂದು ಕರೆದುಕೊಂಡು ಹೋದ. ಗಾಡಿಯಲ್ಲಿ ಮಲಗಿಕೊಂಡೇ, "ಬೆರಳಿಗೆ ನೀರು ಬಿಡೋದ್ ಮರೀಬ್ಯಾಡ ಅಬ್ಬಾಯಿ, ಕಾದ್ರೆ ತಾಮ್ರ ಮೆತ್ತಗಾಗ್ತದೆ" ಎಂದ. ಜ್ವರದಲ್ಲೂ ಅವನಿಗೆ ಮಿಷನ್ನಿನದೇ ಯೋಚನೆ.

ನಾಳೆಯಿಂದ ನಾನೊಬ್ಬನೇ.

೬ ಮಾರ್ಚ್

ಎರಡು ದಿನಕ್ಕೆ ಹದಿನಾಲ್ಕು ಪೆಟ್ಟಿಗೆ. ಗಂಗುಲಪ್ಪಣ್ಣ ಕೆಲಸ ಮಾಡುವಾಗ ಕಿಡಿ ಹಾರುತ್ತದೆ, ಬೊಟ್ಟಿನ ಸುತ್ತ ಕಪ್ಪು ಮುಳ್ಳು ನಿಲ್ಲುತ್ತವೆ. ನನ್ನದರಲ್ಲಿ ಕಿಡಿಯೇ ಇಲ್ಲ. ಬೊಟ್ಟು ನುಣ್ಣಗೆ, ಒರೆಸಿಟ್ಟ ಹಾಗೆ. ಕೋದಂಡರಾಮಪ್ಪನವರು ಬೆರಳಾಡಿಸಿ, "ಏನಯ್ಯಾ ಇದು, ಅಕ್ಕಸಾಲಿ ಕೆಲಸ ಇದ್ದಂಗಿದೆ!" ಎಂದರು.

ಚೂರು ತಗಡು ಹರಿದು ನೋಡಲಿಲ್ಲ. ಅಂಕಿ ಗೋಡೆಯ ಮೇಲೇ ಇದೆ. ಈ ಕೆಲಸ ನನಗೆ ಒಗ್ಗುತ್ತದೆ ಅನ್ನಿಸುತ್ತಿದೆ. ಅದೃಷ್ಟವಂತ ನಾನು.

೧೫ ಮಾರ್ಚ್, ಸೋಮವಾರ

ಕಾರ್ಖಾನೆಯ ಗಾಡಿ ಹೊಡೆಯುವ ಪೆದ್ದಪ್ಪ ಪೆಟ್ಟಿಗೆಗಳನ್ನು ಉಗ್ರಾಣಕ್ಕೆ ಸಾಗಿಸುತ್ತಿದ್ದ. ಒಂದರ ಒಳಗೆ ಮುಚ್ಚಳದ ತಿರುಪುಗಳನ್ನು ತುಂಬಿದ್ದರು, ಭಾರವಿತ್ತು. ಎತ್ತಿದವನ ಕೈಯಲ್ಲಿ ಹಿಡಿಕೆ ಉಳಿಯಿತು, ಪೆಟ್ಟಿಗೆ ಕಾಲಿನ ಪಕ್ಕಕ್ಕೆ ಬಿತ್ತು.

"ಏನ್ಲಾ ಅಶ್ವತ್ಥ, ಹಿಡಿಕೆ ಬ್ಯಾರೆ ಪೆಟ್ಗೆ ಬ್ಯಾರೆ ಕಳಿಸ್ಬೇಕಾ? ಮೊದ್ಲೇ ಹೇಳಿದ್ರೆ ಎರಡು ಸಲ ಹೊರ್ತಿದ್ನಲ್ಲ."

ಎಲ್ಲರೂ ನಕ್ಕರು. ನಾನು ಇನ್ನೊಂದು ಹಿಡಿಕೆಯನ್ನು ಜಗ್ಗಿದೆ. ಬಂತು. ಮತ್ತೊಂದು. ಅದೂ ಬಂತು. ತಗಡಿನ ಮೇಲೆ ತೂತಿಲ್ಲ, ಗೀರಿಲ್ಲ. ನುಣ್ಣನೆಯ ನಾಲ್ಕು ಗುರುತು ಅಷ್ಟೆ. ನಗು ನಿಂತುಹೋಯಿತು.

ಅರವತ್ತನಾಲ್ಕು ಪೆಟ್ಟಿಗೆ. ಎಲ್ಲ ನನ್ನ ಕೈಯವು. ಮುಂದಿನ ಸೋಮವಾರ ಬೆಂಗಳೂರಿನಿಂದ ಮಿಲಿಟರಿ ತನಿಖೆಯವರು ಬರುತ್ತಾರೆ, ಅವತ್ತೇ ವ್ಯಾಗನ್ನಿಗೆ ಏರಬೇಕು. ಕೋದಂಡರಾಮಪ್ಪನವರ ಮುಖ ಬಿಳಿಚಿಕೊಂಡಿತು.

"ಅಂಕಿ ಯಾರು ಹೇಳಿದ್ದು?" ಎಂದು ಕೇಳಿದರು.

"ಗಂಗುಲಪ್ಪಣ್ಣ. ಹಿಡಿಕೆಗೆ ಐದು ಸುತ್ತು ಅಂದ. ನಾನು ಐದೇ ಸುತ್ತು ಬಿಗಿದಿದ್ದೀನಿ."

"ಹಂಗಾದ್ರೆ ಬೇಕೂಂತ ತಪ್ಪು ಹೇಳವ್ನೆ. ಇನ್ನೊಬ್ಬ ಕಲೀಬಾರದು ಅಂತ. ಅದಕ್ಕೇ ನಿನ್ನ ಹಾಳೆ ನೋಡಿ ನಕ್ಕಿದ್ದು. ಇನ್ನವನು ಈ ಬಾಗಿಲು ತುಳಿಯೋದು ಬೇಡ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಮನೆಯಲ್ಲಿ ಅಕ್ಕನಿಗೆ ಹೇಳಿದೆ. "ಆ ಗಂಗುಲಪ್ಪನೋರು ನಿಂಗೆ ಮೋಸ ಮಾಡಿದ್ರಾ?" ಎಂದಳು.

"ಗೊತ್ತಿಲ್ಲ."

"ಗೊತ್ತಿಲ್ದೆ ಹೇಳ್ಬಿಟ್ಯಾ?"

"ಮೋಸ ಅಂತ ನಾನು ಅನ್ನಲಿಲ್ಲ ಅಕ್ಕ. ಐದು ಅಂದ ಅಂತಷ್ಟೇ ಅಂದೆ."

"ಕೇಳ್ದೋರಿಗೆ ಹಂಗೇ ತಾನೆ ಕೇಳ್ಸಿದ್ದು?"

ಊಟ ಸೇರಲಿಲ್ಲ. ನಾಳೆ ಲಕ್ಕೂರಿಗೆ ಹೋಗಿ ಕೇಳಿಯೇಬಿಡುತ್ತೇನೆ.

೧೬ ಮಾರ್ಚ್, ಮಂಗಳವಾರ

ಬೆಳಕು ಹರಿಯುತ್ತಲೇ ಹೊರಟೆ. ನಡೆದೇ ಹೋದೆ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನೇ ಜೋಡಿಸಿಕೊಳ್ಳುತ್ತಿದ್ದೆ. ಯಾಕೆ ತಪ್ಪು ಹೇಳಿದೆ, ನಾನು ನಿನಗೇನು ಮಾಡಿದ್ದೆ, ಹೀಗೆ.

ಗಂಗುಲಪ್ಪಣ್ಣ ಮಗಳ ಮನೆಯ ಮುಂದೆ ಬಿಸಿಲಿಗೆ ಕಂಬಳಿ ಹೊದ್ದು ಕೂತಿದ್ದ. ಅರ್ಧ ಇಳಿದುಹೋಗಿದ್ದಾನೆ. ನನ್ನನ್ನು ನೋಡಿ ಮುಖ ಅರಳಿತು. "ಬಚ್ಚಮ್ಮಾ, ನಮ್ ಮಿಷನ್ ಅಬ್ಬಾಯಿ ಬಂದವ್ನೆ, ಅಂಬಲಿ ತಾರೇ" ಎಂದು ಕೂಗಿದ. ಮಗಳು ಮಜ್ಜಿಗೆ ಬೆರೆಸಿದ ಅಂಬಲಿ ತಂದುಕೊಟ್ಟಳು. ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. ಹಿಡಿಕೆಗಳು ಕಿತ್ತುಬಂದದ್ದನ್ನು ಮಾತ್ರ ಹೇಳಿದೆ.

"ಕಿಡಿ ಹಾರ್ತಿತ್ತಾ?"

"ಇಲ್ಲ. ಒಂದೂ ಇಲ್ಲ."

"ಬಿಗಿ ಜಾಸ್ತಿ ಆಗೈತೆ. ಹೆಂಗ್ ಬಿಗಿದೆ, ಕೈಯಲ್ ಮಾಡಿ ತೋರ್ಸು."

ಇಲ್ಲದ ನಟ್ಟನ್ನು ಗಾಳಿಯಲ್ಲಿ ಹಿಡಿದು ತೋರಿಸಿದೆ. ಮೊದಲು ಬೆರಳಿನಿಂದ ಒಂದು ಸುತ್ತು, ನಟ್ಟು ಸ್ಪ್ರಿಂಗಿನ ಮೇಲೆ ಕೂರುವ ಹಾಗೆ. ಆಮೇಲೆ ಸ್ಪ್ಯಾನರು ಹಾಕಿ ಒಂದು, ಎರಡು, ಮೂರು, ನಾಲ್ಕು, ಐದು.

"ಬೆರಳಿಂದ ತಿರುಗಿಸಿದ್ದು ಎಣಿಸ್ಲಿಲ್ವಾ?"

"ಅದು ನಟ್ಟು ಕೂರಿಸೋದಕ್ಕೆ ಅಲ್ವಾ?"

ಅವನು ಕಂಬಳಿಯಿಂದ ಕೈ ಹೊರಗೆ ತೆಗೆದು ತಾನು ಮಾಡುವುದನ್ನು ತೋರಿಸಿದ. ಬೆರಳುಗಳು ತಿರುಗಿದವು. "ಲಾಭ" ಎಂದ. ಆಮೇಲೆ ಸ್ಪ್ಯಾನರು ಹಿಡಿದಂತೆ ಮುಷ್ಟಿ ಕಟ್ಟಿ, "ಎರಡು, ಮೂರು, ನಾಲ್ಕು, ಐದು" ಎಂದ.

ಕಣದಲ್ಲಾಗಲಿ ಸಂತೆಯಲ್ಲಾಗಲಿ ರಾಗಿ ಅಳೆಯುವವರು ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ನೇರ ಎರಡು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ನಮ್ಮ ಮನೆಯಲ್ಲೂ ಹಾಗೇ ಅಳೆಯುತ್ತಾರೆ. ಮಿಷನ್ ಮುಂದೆ ನಿಂತಾಗ ಅವನು ಗುನುಗುತ್ತಿದ್ದದ್ದು ಅದೇ ಎಣಿಕೆ. ಕೈಯಿಂದ ತಿರುಗಿಸಿದ್ದು ಅವನಿಗೆ ಮೊದಲನೆಯದು, ನನಗೆ ಲೆಕ್ಕಕ್ಕೇ ಇಲ್ಲದ್ದು. ಅವನ ಐದು ಎಂದರೆ ಸ್ಪ್ಯಾನರಿನಲ್ಲಿ ನಾಲ್ಕೇ ಸುತ್ತು.

"ಒಂದೇ ಸುತ್ತು ಹೆಚ್ಚಾದರೆ ಇಷ್ಟಾಗುತ್ತಾ? ಬಿಗಿಯಾದಷ್ಟೂ ಗಟ್ಟಿ ಅಂದುಕೊಂಡಿದ್ದೆ."

"ಅಲ್ಲ ಕಣಯ್ಯ. ಜಾಸ್ತಿ ಅದುಮಿದ್ರೆ ಕರೆಂಟು ಸಲೀಸಾಗಿ ದಾಟ್ಕೊಂಡ್ ಹೋಗ್ತದೆ. ಅದಕ್ಕೆ ದಾರೀಲಿ ವಸಿ ಕಷ್ಟ ಆಗ್ಬೇಕು, ಆಗ್ಲೇ ಕಾಯೋದು. ಕಾದ್ರೆ ತಾನೆ ಕರಗೋದು?" ಆಮೇಲೆ ಕೇಳಿದ: "ಹರ್ದು ನೋಡಿದ್ಯಾ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ."

"ನಾನೂ ಬಿಡಿಸಿ ಹೇಳ್ಬೇಕಾಗಿತ್ತು. ಎಲ್ರೂ ನನ್ನಂಗೇ ಎಣಿಸ್ತಾರೆ ಅಂದ್ಕೊಂಡಿದ್ದೆ" ಎಂದ.

ಇನ್ನೊಂದು ವಿಷಯ ಉಳಿದಿತ್ತು. ಕೋದಂಡರಾಮಪ್ಪನವರು ಅಂದದ್ದನ್ನು ಹೇಳಿದೆ. ಬೇಕೆಂದು ತಪ್ಪು ಹೇಳಿದ್ದಾನೆ, ಬಾಗಿಲು ತುಳಿಯುವುದು ಬೇಡ ಎಂಬುದನ್ನೂ. ಗಂಗುಲಪ್ಪಣ್ಣ ಕಂಬಳಿಯನ್ನು ಎಳೆದುಕೊಂಡ.

"ಅವ್ರು ಕೇಳ್ದಾಗ ನೀನೇನಂದೆ?"

ನಾನು ಅಂದ ಮಾತನ್ನು ಹಾಗೆಯೇ ಒಪ್ಪಿಸಿದೆ.

"ಸರೇ. ನಿಜಾನೇ ಹೇಳಿದ್ದೀಯ."

ಬೈದಿದ್ದರೆ ಹಿಂತಿರುಗಿ ನಡೆಯುವುದು ಸುಲಭವಾಗುತ್ತಿತ್ತು. ಹೊರಡುವಾಗ ಬಚ್ಚಮ್ಮ ನನ್ನ ಟವೆಲ್ಲಿಗೆ ಹುರಿದ ಅವರೆಕಾಳು ಕಟ್ಟಿದಳು. ತಂದೆಯ ಕೆಲಸ ಹೋದದ್ದು ಅವಳಿಗೂ ಕೇಳಿಸಿತ್ತು. ಆದರೂ ಕಟ್ಟಿದಳು. ದಾರಿಯಲ್ಲಿ ತಿನ್ನಲು ಆಗಲಿಲ್ಲ, ತಂದು ಅಕ್ಕನಿಗೆ ಕೊಟ್ಟೆ.

೧೭ ಮಾರ್ಚ್, ಬುಧವಾರ

ಕೋದಂಡರಾಮಪ್ಪನವರು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ.

"ನಿನ್ನೆ ಬರ್ಲಿಲ್ಲ, ಓಡಿಹೋದೆ ಅಂದ್ಕೊಂಡೆ."

"ಲಕ್ಕೂರಿಗೆ ಹೋಗಿದ್ದೆ. ಗಂಗುಲಪ್ಪಣ್ಣನ ಅಂಕಿ ಸರಿಯಾಗಿತ್ತು ಸ್ವಾಮಿ. ತಪ್ಪು ಎಣಿಸಿದ್ದು ನಾನು."

ನಂಬಲಿಲ್ಲ. ಮಿಷನ್ ಹಾಕಿ ತೋರಿಸಿದೆ. ಕೈಯಲ್ಲಿ ಒಂದು, ಸ್ಪ್ಯಾನರಿನಲ್ಲಿ ನಾಲ್ಕು. ಬೊಟ್ಟು ಇಟ್ಟೆ, ಕಿಡಿ ಹಾರಿತು. ಇಕ್ಕಳ ಕೊಟ್ಟೆ. ಅವರೇ ಹರಿದರು, ತಗಡಿನಲ್ಲಿ ತೂತು ಬಿತ್ತು. ಇನ್ನೊಂದು ಸುತ್ತು ಬಿಗಿದು ಮತ್ತೆ ಕೊಟ್ಟೆ. ಒಣಗಿದ ಚಕ್ಕೆಯ ಹಾಗೆ ಬಿಟ್ಟುಕೊಂಡಿತು. ಎರಡು ರೀತಿಯಲ್ಲೂ ಮೂರು ಮೂರು ಸಲ ಮಾಡಿಸಿ ನೋಡಿದರು.

"ಹಂಗಾದ್ರೆ ತಪ್ಪು ಯಾರದಪ್ಪಾ?"

"ಅವನು ದಿನಾ ಹರಿದು ನೋಡೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ನಾನು ಒಂದು ದಿನವೂ ನೋಡಲಿಲ್ಲ. ಅದನ್ನ ಸೋಮವಾರ ನಿಮಗೆ ಹೇಳಲೂ ಇಲ್ಲ. ಕಳಿಸೋದಾದರೆ ನನ್ನನ್ನ ಕಳಿಸಿ."

ಅವರು ತೂತುಬಿದ್ದ ತಗಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಕಳಿಸೋದು ಆಮೇಲೆ. ಅರವತ್ತನಾಲ್ಕು ಪೆಟ್ಟಿಗೆ ಹಿಡಿಕೇನ ಮೊದಲು ಕೀಳು" ಎಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರು.

೧೮ ಮಾರ್ಚ್

ಹದಿನೆಂಟು ಪೆಟ್ಟಿಗೆ. ಹಳೆಯ ಗುರುತನ್ನು ಅರದಿಂದ ಉಜ್ಜಿ, ಪಕ್ಕದಲ್ಲಿ ಹೊಸ ಬೊಟ್ಟು. ಆಚೆ ಕಡೆ ಪೆಟ್ಟಿಗೆ ಹಿಡಿಯುವವರು ಸ್ವತಃ ಕೋದಂಡರಾಮಪ್ಪನವರು. ಕಿಡಿ ಹಾರಿ ಅವರ ಪಂಚೆಯಲ್ಲಿ ಒಂಬತ್ತು ತೂತು. ಹನ್ನೆರಡು ಸಲ ಹರಿದು ನೋಡಿದೆ.

೧೯ ಮಾರ್ಚ್

ನಲವತ್ತೊಂದು. ಅಕ್ಕ ಇಲ್ಲಿಗೇ ಊಟ ತಂದಳು, ಎಲ್ಲರಿಗೂ ಸಾಲುವಷ್ಟು. ಪೆದ್ದಪ್ಪ ಗಾಡಿ ಬಿಟ್ಟು ಬಂದು ಅರ ಹಿಡಿದಿದ್ದಾನೆ. ಬಾಯಿ ಮಾತ್ರ ನಿಲ್ಲುವುದಿಲ್ಲ. "ಅಶ್ವತ್ಥ, ನಿನ್ ಬೊಟ್ಟು ನೋಡಿ ನಮ್ಮತ್ತೆ ಮನೇಲಿ ನಿಂಗೆ ಹೆಣ್ ಕೊಡಲ್ಲ ಅಂದ್ರು ಕಣ್ಲಾ" ಎನ್ನುತ್ತಾನೆ. ಇವರಿಗೆಲ್ಲ ಏನು ಹೇಳಬೇಕೋ ತಿಳಿಯದು. ನಾನು ಕೆಡಿಸಿದ್ದಕ್ಕೆ ಇವರು ಬೆವರು ಸುರಿಸುತ್ತಿದ್ದಾರೆ.

೨೦ ಮಾರ್ಚ್, ಶನಿವಾರ

ಅರವತ್ತನಾಲ್ಕೂ ಮುಗಿಯಿತು. ಮುಗಿದ ಮೇಲೆ ಕೋದಂಡರಾಮಪ್ಪನವರು ಪೆದ್ದಪ್ಪನ ಗಾಡಿ ಹತ್ತಿ ಎಲ್ಲಿಗೋ ಹೋದರು.

೨೧ ಮಾರ್ಚ್, ಭಾನುವಾರ

ಎಲ್ಲಿಗೆ ಎಂದು ಇವತ್ತು ಪೆದ್ದಪ್ಪ ಹೇಳಿದ. ಲಕ್ಕೂರಿಗೆ. ಬಚ್ಚಮ್ಮನ ಮನೆಯ ಮುಂದೆ ಇಳಿದು, ಚಪ್ಪಲಿ ಬಿಟ್ಟು, "ಗಂಗುಲಪ್ಪ, ತಿಳೀದೆ ಆಡ್ಬಿಟ್ಟೆ. ಬಾರಪ್ಪಾ" ಎಂದರಂತೆ. ಗಂಗುಲಪ್ಪಣ್ಣ, "ಜ್ವರ ಬಿಟ್ಟಿಲ್ಲ ಬುದ್ಧಿ" ಎಂದನಂತೆ. "ಬಂದು ಕೂತ್ಕೋ ಸಾಕು" ಎಂದರಂತೆ. ಬಚ್ಚಮ್ಮ ಉಂಡು ಹೋಗಬೇಕು ಎಂದು ಹಟ ಹಿಡಿದಳಂತೆ, ಉಂಡರಂತೆ. ಪೆದ್ದಪ್ಪನಿಗೆ ಆ ಮನೆಯ ಸಾರಿನದೇ ನೆನಪು. ನಾನು ಉಳಿದದ್ದನ್ನೆಲ್ಲ ಎರಡು ಸಲ ಹೇಳಿಸಿಕೊಂಡೆ.

೨೨ ಮಾರ್ಚ್, ಸೋಮವಾರ

ತನಿಖೆಯ ಅಧಿಕಾರಿ ಬೆಳಗಿನ ರೈಲಿಗೆ ಬಂದರು. ಗಂಗುಲಪ್ಪಣ್ಣ ಆಗಲೇ ಬಂದು ಮಿಷನ್ ಪಕ್ಕದ ಮರದ ದಿಮ್ಮಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಅಧಿಕಾರಿ ಮೊದಲು ನೋಡಿದ್ದೇ ಅರದಿಂದ ಉಜ್ಜಿದ ಗುರುತುಗಳನ್ನು.

"ಇದೇನು?"

ಕೋದಂಡರಾಮಪ್ಪನವರು ನನ್ನ ಕಡೆ ನೋಡಿದರು. ತಡೆಯಲಿಲ್ಲ. ನಾನು ಹೇಳಿದೆ. ಹಿಡಿಕೆಗಳು ಬಿಟ್ಟುಕೊಂಡದ್ದು, ಯಾಕೆ ಬಿಟ್ಟುಕೊಂಡವು ಎಂಬುದು, ಹರಿದು ನೋಡದೆ ಮಾಡಿದವನು ನಾನು ಎಂಬುದು, ಸರಿಯಾದ ಬಿಗಿ ಯಾವುದೆಂದು ಹೇಳಿದವನು ಅಲ್ಲಿ ಕೂತಿರುವವನು ಎಂಬುದು, ಮೂರು ದಿನ ಯಾರು ಯಾರು ಕೆಲಸ ಮಾಡಿದರು ಎಂಬುದು. ಏನನ್ನೂ ಬಿಡಬಾರದೆಂದು ನಿಧಾನವಾಗಿ ಹೇಳಿದೆ. ಪೆದ್ದಪ್ಪನ ಹೆಸರನ್ನೂ ಹೇಳಿದೆ.

ಎರಡು ಪೆಟ್ಟಿಗೆ ಪರೀಕ್ಷಿಸಬೇಕಾದವರು ಎಂಟನ್ನು ತೆಗೆಸಿದರು. ಒಳಗೆ ಇಟ್ಟಿಗೆ ತುಂಬಿಸಿ ಇಬ್ಬರಿಂದ ಹೊರಿಸಿ ಅಂಗಳದ ಸುತ್ತ ಓಡಿಸಿದರು. ಹಿಡಿಕೆ ಹಿಡಿದು ನೇತುಹಾಕಿಸಿ ಜಗ್ಗಿಸಿದರು. ಮೊಣಕೈ ಎತ್ತರದಿಂದ ಬೀಳಿಸಿದರು. ಪೆಟ್ಟಿಗೆಗಳ ಮೂಲೆ ಜಜ್ಜಿತು. ಹಿಡಿಕೆ ಒಂದೂ ಬಿಡಲಿಲ್ಲ.

ಅಧಿಕಾರಿ ಪೆಟ್ಟಿಗೆಗಳು ಪಾಸಾದವೆಂದು ಬರೆಯಲು ಕಾಗದ ತೆಗೆದು, ಮಿಷನ್ ಹೊಂದಿಸಿದವರ ಹೆಸರು ಬೇಕು ಎಂದರು. ನಾನು ಗಂಗುಲಪ್ಪಣ್ಣನನ್ನು ತೋರಿಸಿದೆ. ಅವನು ಕಂಬಳಿಯೊಳಗಿಂದ ಕೈ ತೆಗೆದು ನನ್ನನ್ನು ತೋರಿಸಿದ.

"ಹೀಗೆ ಒಬ್ಬರನ್ನೊಬ್ಬರು ತೋರಿಸ್ತಾ ನಿಂತ್ರೆ ನನಗೆ ರೈಲು ತಪ್ಪುತ್ತೆ" ಎಂದು ಎರಡು ಹೆಸರನ್ನೂ ಬರೆದುಕೊಂಡರು. ಒಂದು ಪ್ರತಿಯನ್ನು ಕೋದಂಡರಾಮಪ್ಪನವರಿಗೆ ಕೊಟ್ಟು ಹೋದರು.

ಗಂಗುಲಪ್ಪಣ್ಣ ಆ ಕಾಗದದ ಸಮೇತ ನನ್ನನ್ನು ಹತ್ತಿರ ಕರೆದ. "ನನ್ ಹೆಸ್ರು ಯಾವ್ದು?"

"ಮೇಲಿರೋದು."

ಕೈಯನ್ನು ಕಂಬಳಿಗೆ ಒರೆಸಿಕೊಂಡು, ಕಾಗದಕ್ಕೆ ತಾಗದ ಹಾಗೆ ಅದರ ಮೇಲೆ ಬೆರಳನ್ನು ಈ ತುದಿಯಿಂದ ಆ ತುದಿಯವರೆಗೆ ಒಯ್ದ.

"ಇಷ್ಟುದ್ದ ಐತಾ?"

"ಹೂಂ. ಇಷ್ಟುದ್ದ."

ಬಚ್ಚಮ್ಮನಿಗೆ ತೋರಿಸಬೇಕು, ಒಂದು ಚೀಟಿಯಲ್ಲಿ ಬರೆದುಕೊಡು ಎಂದ. ಗೋಡೆಯ ಹಾಳೆಯನ್ನು ಹೇಗೂ ತಿದ್ದಿ ಬರೆಯಬೇಕಿತ್ತು. ಅದನ್ನು ಕಿತ್ತು, ಅದರ ಖಾಲಿ ಅಂಚಿನಲ್ಲಿ ಇಂಗ್ಲಿಷಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಅವನ ಹೆಸರು ಬರೆದು ಹರಿದು ಕೊಟ್ಟೆ. ನಾಲ್ಕಾಗಿ ಮಡಿಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಮಿಷನ್ನಿನ ಬೆರಳಿಗೆ ನೀರು ಬಿಡಲು ಹೋದ.